ಸಕ್ಕರೆಯ ದ್ವೀಪದ ಸಾರಾಯಿ



ಭೂಪಟದಲ್ಲಿ ದಕ್ಷಿಣ ಅಮೆರಿಕದ ಈಶಾನ್ಯ ಕರಾವಳಿಯಿಂದ ತುಸು ಮೇಲಕ್ಕೆ ಕಣ್ಣು ಹಾಯಿಸಿದರೆ ದ್ವೀಪಗಳ ಸಾಲೊಂದು ಕಾಣುವುದು. ಹರಿದ ಸರದ ಮಣಿಗಳಂತೆ ಚೆದರಿರುವ ಈ ಸಾಲಿನಿಂದ ಒಂದು ಮಣಿ ಮಾತ್ರ ಸಿಡಿದು ಪೂರ್ವಕ್ಕೆ, ಅಟ್ಲಾಂಟಿಕ್ ಸಾಗರದೊಳಕ್ಕೆ ಬಿದ್ದಿದೆ. ಅದೇ ಬಾರ್ಬಡೋಸ್. ಉದ್ದ ಇಪ್ಪತ್ತೊಂದು ಮೈಲಿ, ಅಗಲ ಹದಿನಾಲ್ಕು ಮೈಲಿ. ಒಟ್ಟು ವಿಸ್ತಾರ 166 ಚದರ ಮೈಲಿ. ನಮ್ಮ ಸಾಧಾರಣವಾದೊಂದು ತಾಲ್ಲೂಕಿಗಿಂತಲೂ ಕಿರಿದು. ಜನಸಂಖ್ಯೆ ಮೂರು ಲಕ್ಷಕ್ಕಿಂತ ಕಡಿಮೆ. ಇಂಥ ಅಂಗೈಯಗಲದ ನೆಲಕ್ಕೆ ಜಗತ್ತಿನ ಇತಿಹಾಸದಲ್ಲಿ ಒಂದು ಸ್ಥಾನ ದೊರೆತದ್ದು ಎರಡು ವಸ್ತುಗಳಿಂದ: ಒಂದು ಸಕ್ಕರೆ, ಇನ್ನೊಂದು ಸಕ್ಕರೆಯ ಕಸದಿಂದ ಇಳಿಸಿದ ಸಾರಾಯಿ. ಆ ಸಾರಾಯಿಗೆ ರಮ್ಮು ಎಂದು ಹೆಸರು. ಮುನ್ನೂರೆಪ್ಪತ್ತು ವರ್ಷಗಳಿಗೂ ಮೀರಿ ಅದನ್ನು ಎಡೆಬಿಡದೆ ಇಳಿಸುತ್ತ ಬಂದಿರುವ ನಾಡು ಬಾರ್ಬಡೋಸ್. ಈ ಹೊತ್ತು ಆ ದೀರ್ಘಕಾಲದ ಏರಿಳಿತಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಪಾನವನ್ನು ಹೊಗಳುವುದಾಗಲಿ ಹಳಿಯುವುದಾಗಲಿ ನನ್ನ ಉದ್ದೇಶವಲ್ಲ. ಎರಡು ಕೆಲಸಗಳಿಗೂ ಬೇಕಾದಷ್ಟು ಮಂದಿ ಇದ್ದಾರೆ. ಒಂದು ಪದಾರ್ಥವನ್ನು ಯಾರು ಮಾಡಿದರು, ಯಾರು ಮಾರಿದರು, ಯಾರು ಕುಡಿದರು, ಯಾರು ಅದರ ಬೆಲೆ ತೆತ್ತರು ಎಂಬ ನಾಲ್ಕು ಪ್ರಶ್ನೆಗಳನ್ನು ಹಿಡಿದು ಹೊರಟರೆ ಒಂದು ದೇಶದ ಚರಿತ್ರೆ ಎಷ್ಟು ದೂರ ತೆರೆದುಕೊಳ್ಳುತ್ತದೆಂಬುದನ್ನು ನೋಡುವುದಷ್ಟೇ ನಮ್ಮ ಕೆಲಸ.

ಕಬ್ಬಿನಿಂದ ಮದ್ಯವನ್ನು ಮಾಡಬಹುದೆಂಬುದು ನಮಗೆ ಹೊಸ ಸಂಗತಿಯಲ್ಲ. ಗೌಡೀ, ಪೈಷ್ಟೀ, ಮಾಧ್ವೀ ಎಂದು ಸುರೆಯಲ್ಲಿ ಮೂರು ಬಗೆಯೆಂದು ಮನುಸ್ಮೃತಿ ಎಣಿಸುತ್ತದೆ. ಎಣಿಸಿದ್ದು ವಿಧಿಸುವುದಕ್ಕಲ್ಲ, ನಿಷೇಧಿಸುವುದಕ್ಕೆ ಎಂಬುದು ಬೇರೆ ಮಾತು. ಗೌಡಿಯೆಂದರೆ ಬೆಲ್ಲದಿಂದಾದುದು. ಸಕ್ಕರೆಗೆ ಯೂರೋಪಿನ ಭಾಷೆಗಳಲ್ಲಿರುವ ಹೆಸರುಗಳೆಲ್ಲ ನಮ್ಮ ಶರ್ಕರಾ ಎಂಬ ಶಬ್ದದ ಮಕ್ಕಳು ಮೊಮ್ಮಕ್ಕಳು. ರಮ್ಮಿನೊಂದಿಗೆ ನಿಂಬೆಯ ರಸ, ಸಕ್ಕರೆ, ನೀರು, ಸಂಬಾರ ಇವನ್ನು ಕೂಡಿಸಿ ಮಾಡುವ ಪಾನಕಕ್ಕೆ ಇಂಗ್ಲಿಷರು ಪಂಚ್ ಎನ್ನುವರು. ಐದು ಪದಾರ್ಥಗಳಾದ್ದರಿಂದ ನಮ್ಮ ಪಂಚ ಶಬ್ದವೇ ಅಲ್ಲಿಗೆ ಹೋಗಿದೆಯೆಂಬುದು ಬಹುಕಾಲದಿಂದ ಬಂದಿರುವ ವ್ಯುತ್ಪತ್ತಿ. ಕಬ್ಬು ನಮ್ಮ ಕಡೆಯಿಂದ ಪಶ್ಚಿಮಕ್ಕೆ ಪ್ರಯಾಣ ಮಾಡಿತು. ಪರ್ಷಿಯಾ, ಅರಬ್ಬರ ನಾಡುಗಳು, ಮೆಡಿಟರೇನಿಯನ್ ತೀರ, ಅಟ್ಲಾಂಟಿಕ್ ದ್ವೀಪಗಳು, ಬ್ರೆಜಿಲ್ ಹೀಗೆ ಒಂದೊಂದೇ ಹೆಜ್ಜೆಯಿಟ್ಟು ಕಡೆಗೆ ಬಾರ್ಬಡೋಸನ್ನು ಮುಟ್ಟಿತು.

ಇಂಗ್ಲಿಷರು ಈ ದ್ವೀಪದಲ್ಲಿ ನೆಲೆಯೂರಿದ್ದು 1627ರ ಫೆಬ್ರವರಿಯಲ್ಲಿ. ಮೊದಲ ಹಡಗಿನಲ್ಲಿ ಬಂದವರು ಸುಮಾರು ಎಂಬತ್ತು ಮಂದಿ ಇಂಗ್ಲಿಷರು, ಹತ್ತು ಮಂದಿ ಆಫ್ರಿಕದ ಗುಲಾಮರು. ಹೊಗೆಸೊಪ್ಪು, ಹತ್ತಿ ಇವೇ ಆಗಿನ ಬೆಳೆಗಳು. ಕುಡಿಯುವುದಕ್ಕೆ ಸ್ವದೇಶದಿಂದ ಬರುತ್ತಿದ್ದ ಮದ್ಯ ದುಬಾರಿ. ಸೆಕೆಯಲ್ಲಿ ಬೀರು ಹುಳಿತು ಹೋಗುತ್ತಿತ್ತು. ಆದಕಾರಣ ಅವರು ಆ ಪ್ರಾಂತದ ಮೂಲನಿವಾಸಿಗಳಿಂದ ಎರಡು ಪಾನಗಳನ್ನು ಕಲಿತರು. ಗೆಣಸನ್ನು ಬೇಯಿಸಿ ಹಿಸುಕಿ ನೀರಿನಲ್ಲಿ ಹುಳಿಯಹಾಕಿದ್ದು ಮಾಬಿ, ಮರಗೆಣಸಿನಿಂದಾದದ್ದು ಪೆರಿನೊ. ಎರಡೂ ಮನೆಯಲ್ಲಿ ಮಾಡಿ ಎರಡು ಮೂರು ದಿನಗಳಲ್ಲಿ ಕುಡಿದು ಮುಗಿಸುವಂಥವು. ಇಡುವುದಕ್ಕೂ ಬಾರವು, ಮಾರುವುದಕ್ಕೂ ಬಾರವು. ದ್ವೀಪದ ಮದ್ಯದ ಚರಿತ್ರೆಯಲ್ಲಿ ಇದು ಮೊದಲನೆಯ ಅವಸ್ಥೆ.

1640ರ ಸುಮಾರಿನಲ್ಲಿ ಎಲ್ಲವೂ ಬದಲಾಯಿತು. ಬ್ರೆಜಿಲ್ಲಿನ ಪರ್ನಂಬುಕೊ ಪ್ರಾಂತ ಆಗ ಡಚ್ಚರ ವಶದಲ್ಲಿತ್ತು. ಸಕ್ಕರೆ ಮಾಡುವ ವಿದ್ಯೆ ಅಲ್ಲಿಂದ ಬಾರ್ಬಡೋಸಿಗೆ ಬಂದಿತು. ಜೇಮ್ಸ್ ಡ್ರ್ಯಾಕ್ಸ್ ಎಂಬ ತೋಟಗಾರನು ಇದರಲ್ಲಿ ಮುಂದಾಳು. ಹತ್ತು ವರ್ಷಗಳೊಳಗೆ ಕಾಡು ಕಡಿದು ಕಬ್ಬಾಯಿತು. ಸಕ್ಕರೆ ಬರುವುದಕ್ಕೆ ಮೊದಲು 400 ಪೌಂಡಿಗೆ ಕೊಳ್ಳಬಹುದಾಗಿದ್ದ ಐನೂರು ಎಕರೆಯ ಒಂದು ತೋಟದ ಅರ್ಧ ಪಾಲು ಮಾತ್ರವೇ 1647ರಲ್ಲಿ 7,000 ಪೌಂಡಿಗೆ ಮಾರಾಟವಾಯಿತು. ಈ ಲೆಕ್ಕವನ್ನು ನಮಗೆ ಬರೆದಿಟ್ಟವನು ರಿಚರ್ಡ್ ಲಿಗನ್ ಎಂಬ ಇಂಗ್ಲಿಷಿನವನು. ಈತನು 1647ರಿಂದ 1650ರವರೆಗೆ ದ್ವೀಪದಲ್ಲಿದ್ದು, ಊರಿಗೆ ಹಿಂದಿರುಗಿ, ಸಾಲದ ಸಲುವಾಗಿ ಸೆರೆಮನೆ ಸೇರಿ, ಅಲ್ಲಿ ಕುಳಿತು ಬಾರ್ಬಡೋಸಿನ ಚರಿತ್ರೆಯನ್ನು ಬರೆದನು. 1657ರಲ್ಲಿ ಅಚ್ಚಾದ ಆ ಗ್ರಂಥವೇ ರಮ್ಮಿನ ಚರಿತ್ರೆಗೂ ಆದಿಗ್ರಂಥವೆನ್ನಬಹುದು.

ಸಕ್ಕರೆಯಿಂದ ಸಾರಾಯಿ ಹೇಗೆ ಹುಟ್ಟಿತೆಂಬುದನ್ನು ತಿಳಿಯಲು ನಮ್ಮ ಆಲೆಮನೆಯನ್ನು ನೆನೆದರೆ ಸಾಕು. ಗಾಣದಲ್ಲಿ ಕಬ್ಬನ್ನರೆದು ಹಾಲನ್ನು ಕೊಪ್ಪರಿಗೆಗೆ ಸುರಿದು ಕಾಯಿಸುವಾಗ ಮೇಲೆ ಕೊಳೆಯ ನೊರೆಯೇಳುತ್ತದೆ. ಅದನ್ನು ಜಾಲರಿ ಸೌಟಿನಿಂದ ತೆಗೆದು ಚೆಲ್ಲುವರು. ಬಾರ್ಬಡೋಸಿನಲ್ಲಿ ಇಂಥ ಕೊಪ್ಪರಿಗೆಗಳು ಸಾಲಾಗಿರುತ್ತಿದ್ದುವು; ಪಾಕವು ಒಂದರಿಂದ ಇನ್ನೊಂದಕ್ಕೆ ಹೋಗುತ್ತ ಗಟ್ಟಿಯಾಗಿ, ಕಡೆಗೆ ಬುಡದಲ್ಲಿ ತೂತಿದ್ದ ಗಡಿಗೆಗಳಿಗೆ ಬೀಳುತ್ತಿತ್ತು. ಕೆಲವು ವಾರಗಳಲ್ಲಿ ಸಕ್ಕರೆ ಹರಳುಗಟ್ಟಿ ಗಡಿಗೆಯಲ್ಲಿ ನಿಲ್ಲುವುದು. ಹರಳಾಗದ ಕರಿಯ ಪಾಕ ತೂತಿನಿಂದ ತೊಟ್ಟಿಕ್ಕುವುದು. ಇದೇ ಕಾಕಂಬಿ. ಮೊದಮೊದಲು ನೊರೆಯೂ ಕಾಕಂಬಿಯೂ ದನಕ್ಕೆ, ಹಂದಿಗೆ, ಇಲ್ಲವೇ ಚರಂಡಿಗೆ. ಆದರೆ ಸೆಕೆಯ ನಾಡಿನಲ್ಲಿ ಸಿಹಿನೀರು ಸುಮ್ಮನಿರುವುದುಂಟೆ? ಎರಡು ದಿನದಲ್ಲಿ ತಾನಾಗಿ ಹುದುಗೆದ್ದು ಉಕ್ಕುವುದು. ಅದನ್ನು ಭಟ್ಟಿಗೆ ಹಾಕಿ ಒಮ್ಮೆ ಇಳಿಸಿದರೆ ಸಪ್ಪೆಯಾದ ಮದ್ಯ. ಮತ್ತೊಮ್ಮೆ ಇಳಿಸಿದರೆ ಬೆಂಕಿ ತಾಗಿದೊಡನೆ ಹತ್ತಿಕೊಳ್ಳುವ ತೀಕ್ಷ್ಣವಾದ ಸಾರಾಯಿ. ಇದಕ್ಕೆ ಜನ ಮೊದಲಿಟ್ಟ ಹೆಸರು ‘ದೆವ್ವ ಕೊಲ್ಲುವ ಮದ್ದು’ ಎಂಬರ್ಥದ್ದು. ಮತ್ತೊಂದು ಹೆಸರು ರಂಬುಲಿಯನ್. ಗದ್ದಲ, ದೊಂಬಿ ಎಂಬರ್ಥದ ನಾಟು ಇಂಗ್ಲಿಷ್ ಮಾತೆಂದು ಹೇಳುವರು. ಅದೇ ಸವೆದು ರಮ್ ಆಯಿತು. ಹೆಸರುಗಳೇ ಗುಣವನ್ನು ಹೇಳುತ್ತಿರುವಾಗ ವರ್ಣನೆಯೇಕೆ?

ಲಿಗನ್ನನು ತನ್ನ ಗ್ರಂಥದಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾನೆ. ಒಂದು ರಾತ್ರಿ ಗುಲಾಮನೊಬ್ಬನು ಭಟ್ಟಿಮನೆಯಿಂದ ಒಂದು ಜಾಡಿ ಸಾರಾಯಿಯನ್ನು ಉಗ್ರಾಣಕ್ಕೆ ತಂದನು. ಅಲ್ಲಿದ್ದ ದೊಡ್ಡ ಪೀಪಾಯಿಗೆ ಲಾಳಿಕೆಯಿಟ್ಟು ಅದನ್ನು ಸುರಿಯಬೇಕಾಗಿತ್ತು. ಕತ್ತಲಲ್ಲಿ ಚೆನ್ನಾಗಿ ಕಾಣಲೆಂದು ಮೇಣದ ಬತ್ತಿಯನ್ನು ಹತ್ತಿರಕ್ಕೆ ಹಿಡಿದನು. ತಾನು ಹೊತ್ತು ತಂದ ದ್ರವದ ಶಕ್ತಿ ಎಂಥದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಉರಿಯು ಹಾರಿ ಹಿಡಿಯಿತು. ಮನುಷ್ಯನೂ ಮದ್ಯವೂ ಒಟ್ಟಿಗೆ ಬೆಂದುಹೋದುವು. ಆ ಕ್ಷಣದಲ್ಲಿ ಪೀಪಾಯಿಯ ಬಾಯನ್ನು ಅಂಗೈಯಿಂದ ಮುಚ್ಚಿದ್ದರೆ ಎಲ್ಲವೂ ಉಳಿಯುತ್ತಿತ್ತೆಂದು ಲಿಗನ್ನನು ಸೇರಿಸಿದ್ದಾನೆ. ಒಳ್ಳೆಯ ಆಳು ಹೋದನೆಂಬ ವ್ಯಸನ ಅವನ ಮಾತಿನಲ್ಲಿ ಕಾಣುತ್ತದೆ. ತೋಟದ ಬೆಲೆ ಅವನಿಗೆ ನೆನಪಿತ್ತು, ತೋಟದ ಯಜಮಾನರ ಹೆಸರುಗಳು ನೆನಪಿದ್ದುವು. ಸತ್ತವನ ಹೆಸರನ್ನು ಮಾತ್ರ ಅವನು ಬರೆಯಲಿಲ್ಲ. ರಮ್ಮಿನ ಚರಿತ್ರೆಯಲ್ಲಿ ನಮಗೆ ಎದುರಾಗುವ ಮೊದಲನೆಯ ಕೆಲಸಗಾರನು ಹೀಗೆ ಹೆಸರಿಲ್ಲದವನಾಗಿಯೇ ಬಂದು ಹೋಗುತ್ತಾನೆ.

ಇಂಥವರ ಸಂಖ್ಯೆ ಬೇಗ ಬೇಗ ಬೆಳೆಯಿತು. ಕಬ್ಬಿನ ಕೆಲಸ ಕಠಿನವಾದುದು. ಕಡಿದ ಕಬ್ಬು ಕಾಯುವುದಿಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಗಾಣ, ಕೊಪ್ಪರಿಗೆ, ಭಟ್ಟಿಗಳು ಹಗಲಿರುಳು ನಡೆಯಬೇಕು. ಇಂಗ್ಲೆಂಡಿನಿಂದ ಕರಾರಿನ ಮೇಲೆ ಬರುತ್ತಿದ್ದ ಬಡ ಆಳುಗಳು ಇದಕ್ಕೆ ಸಾಲದೆ ಹೋದರು. ಹಡಗುಗಳು ಆಫ್ರಿಕದಿಂದ ಜನರನ್ನು ತುಂಬಿ ತಂದುವು. 1661ರಲ್ಲಿ ಗುಲಾಮರನ್ನು ಕುರಿತ ಕ್ರೂರವಾದ ಕಾನೂನು ಹುಟ್ಟಿತು. ಇತರ ಇಂಗ್ಲಿಷ್ ವಸಾಹತುಗಳಿಗೂ ಅದೇ ಮಾದರಿಯಾಯಿತು. 1680ರ ವೇಳೆಗೆ ಗುಲಾಮರ ಸಂಖ್ಯೆ 38,000ವನ್ನು ದಾಟಿ, ಬಿಳಿಯರ ಸುಮಾರು ಇಮ್ಮಡಿಯಾಗಿತ್ತು. ಇದೇ ಕಾಲದಲ್ಲಿ ರಮ್ಮು ದ್ವೀಪದ ಬಾಯಾರಿಕೆಯನ್ನು ತಣಿಸುವ ಪಾನವಾಗಿದ್ದುದು ಹೋಗಿ ಹಡಗೇರುವ ಸರಕಾಯಿತು. ಇದು ಎರಡನೆಯ ಅವಸ್ಥೆ.

ದ್ವೀಪದಲ್ಲಿ ಕಾಡೆಲ್ಲ ಮುಗಿದಿತ್ತು. ಮನೆಗೆ ಮರವಿಲ್ಲ, ಪೀಪಾಯಿಗೆ ಹಲಗೆಯಿಲ್ಲ. ಕಬ್ಬಿಗೆ ಜಾಗ ಬಿಟ್ಟು ಅನ್ನಕ್ಕೆ ನೆಲವೂ ಇಲ್ಲ. ಉತ್ತರ ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ಮರ, ಉಪ್ಪು ಹಾಕಿದ ಮೀನು, ಕುದುರೆ ಎಲ್ಲ ಇದ್ದುವು, ಮದ್ಯವಿರಲಿಲ್ಲ. ಎರಡು ಕೊರತೆಗಳು ಕೂಡಿ ಒಂದು ವ್ಯಾಪಾರವಾಯಿತು. ರಮ್ಮೂ ಕಾಕಂಬಿಯೂ ಉತ್ತರಕ್ಕೆ ಹೋದುವು. ಮರವೂ ಮೀನೂ ದಕ್ಷಿಣಕ್ಕೆ ಬಂದುವು. ಅತ್ಯಂತ ಕಳಪೆ ಮೀನು ಗುಲಾಮರ ಪಾಲಿಗೆ. ಬಾಸ್ಟನ್ನಿನವರೂ ರೋಡ್ ಐಲೆಂಡಿನವರೂ ಕಾಕಂಬಿಯಿಂದ ತಾವೇ ರಮ್ಮು ಇಳಿಸುವುದನ್ನು ಕಲಿತು, ಆ ರಮ್ಮನ್ನು ಆಫ್ರಿಕದ ತೀರಕ್ಕೆ ಒಯ್ದು, ಅದಕ್ಕೆ ಬದಲಾಗಿ ಮನುಷ್ಯರನ್ನು ಕೊಂಡು ದ್ವೀಪಗಳಲ್ಲಿ ಮಾರಿದರು. ಕಬ್ಬನ್ನು ಕಡಿಯುವವನು ಯಾವ ಕಬ್ಬಿನ ಸಾರದಿಂದ ಕೊಳ್ಳಲ್ಪಟ್ಟನೋ ಅದೇ ಕಬ್ಬನ್ನು ಮತ್ತೆ ಕಡಿಯಬೇಕಾಯಿತು.

ಅಮೆರಿಕದ ರಾಷ್ಟ್ರಪಿತನೆನಿಸಿದ ಜಾರ್ಜ್ ವಾಷಿಂಗ್‌ಟನ್ನನು 1751ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಅಣ್ಣನೊಡನೆ ಬಾರ್ಬಡೋಸಿಗೆ ಬಂದಿದ್ದನು. ಅವನು ಸಮುದ್ರ ದಾಟಿ ಹೋದ ಪರನಾಡು ಅದೊಂದೇ. ಅಲ್ಲಿ ಸಿಡುಬೆದ್ದು ಬದುಕಿಕೊಂಡನು. ಅದೇ ವಾಷಿಂಗ್‌ಟನ್ನನು 1766ರಲ್ಲಿ ತನ್ನ ಟಾಮ್ ಎಂಬ ಗುಲಾಮನನ್ನು, ತಪ್ಪಿಸಿಕೊಂಡು ಓಡುವ ಮೊಂಡನೆಂಬ ಕಾರಣದಿಂದ, ವೆಸ್ಟ್ ಇಂಡೀಸಿಗೆ ಹೊರಟ ಹಡಗಿನ ಕಪ್ತಾನನಿಗೊಪ್ಪಿಸಿದನು. ಅವನನ್ನು ಮಾರಿ ಬಂದ ಹಣದಲ್ಲಿ ಒಂದು ದೊಡ್ಡ ಪೀಪಾಯಿ ಉತ್ತಮ ಕಾಕಂಬಿಯನ್ನೂ ಇನ್ನೊಂದು ಪೀಪಾಯಿ ಉತ್ತಮ ರಮ್ಮನ್ನೂ ನಿಂಬೆಹಣ್ಣು ಮುಂತಾದುವನ್ನೂ ತರಬೇಕೆಂದು ಕಾಗದ ಬರೆದನು. ಆ ಕಾಗದ ಉಳಿದಿದೆ. ಕೆಟ್ಟವನೊಬ್ಬನು ಬರೆದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇರುತ್ತಿರಲಿಲ್ಲ. ಆ ಕಾಲದ ಸಜ್ಜನನೆನಿಸಿದವನು ಬರೆದನೆಂಬುದೇ ಅದರ ಬೆಲೆ.

ರಾಜಕೀಯದಲ್ಲಿಯೂ ರಮ್ಮಿನ ಕೈವಾಡವಿತ್ತು. ಫ್ರಾನ್ಸಿನ ದೊರೆಯು ತನ್ನ ದ್ರಾಕ್ಷಿಯ ಬ್ರಾಂದಿಗೆ ಪೋಟಿಯಾಗಬಾರದೆಂದು 1713ರಲ್ಲಿ ರಮ್ಮನ್ನು ತನ್ನ ದೇಶದಲ್ಲಿ ನಿಷೇಧಿಸಿದನು. ಇದರಿಂದ ಫ್ರೆಂಚ್ ದ್ವೀಪಗಳ ಕಾಕಂಬಿ ಕೇಳುವವರಿಲ್ಲದೆ ಅಗ್ಗವಾಯಿತು. ನ್ಯೂ ಇಂಗ್ಲೆಂಡಿನವರು ಅತ್ತ ತಿರುಗಿದರು. ಬಾರ್ಬಡೋಸ್ ಮೊದಲಾದ ಇಂಗ್ಲಿಷ್ ದ್ವೀಪಗಳ ತೋಟಗಾರರು ಲಂಡನ್ನಿಗೆ ಮೊರೆಯಿಟ್ಟರು. 1733ರ ಕಾನೂನು ಪರದೇಶದ ಕಾಕಂಬಿಯ ಮೇಲೆ ಗ್ಯಾಲನ್ನಿಗೆ ಆರು ಪೆನ್ನಿ ಸುಂಕ ಹಾಕಿತು. ಸುಂಕ ಹೆಚ್ಚಾದಲ್ಲಿ ಕಳ್ಳಸಾಗಣೆ ಹೆಚ್ಚುವುದು ಎಲ್ಲ ದೇಶಗಳ ಅನುಭವ. 1764ರಲ್ಲಿ ಸುಂಕವನ್ನು ಮೂರು ಪೆನ್ನಿಗಿಳಿಸಿ, ಆದರೆ ಬಿಗಿಯಾಗಿ ವಸೂಲು ಮಾಡಲಾರಂಭಿಸಿದರು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮಕ್ಕೆ ಕಾರಣವಾದ ಅಸಮಾಧಾನಗಳಲ್ಲಿ ಇದೂ ಒಂದು. ತಮ್ಮ ವ್ಯಾಪಾರವನ್ನು ಕಾಪಾಡಿಕೊಳ್ಳಲು ಬೇಡಿದ ಕಾನೂನು ಕಡೆಗೆ ಆ ವ್ಯಾಪಾರಕ್ಕೇ ಮುಳುವಾಯಿತು: 1783ರಲ್ಲಿ ಅಮೆರಿಕ ಸ್ವತಂತ್ರವಾದಾಗ ಅದರ ಹಡಗುಗಳು ಇಂಗ್ಲಿಷ್ ದ್ವೀಪಗಳಿಗೆ ಬರಕೂಡದೆಂದು ಲಂಡನ್ ಆಜ್ಞೆ ಮಾಡಿತು. ಬಾರ್ಬಡೋಸಿನ ಹಳೆಯ ಗಿರಾಕಿ ಕೈತಪ್ಪಿದನು.

ಇಂಗ್ಲಿಷ್ ನೌಕಾದಳದ ಮಾತನ್ನೂ ಇಲ್ಲಿ ಹೇಳಬೇಕು. 1655ರಲ್ಲಿ ಜಮೈಕಾವನ್ನು ಗೆದ್ದ ಮೇಲೆ ನಾವಿಕರಿಗೆ ಬ್ರಾಂದಿಯ ಬದಲು ರಮ್ಮು ಕೊಡುವ ಪದ್ಧತಿ ಮೊದಲಾಗಿ, 1731ರಲ್ಲಿ ನಿಯಮವಾಯಿತು. ಪ್ರತಿಯೊಬ್ಬನಿಗೆ ದಿನಕ್ಕೆ ಅರ್ಧ ಪೈಂಟು. ನಾವಿಕರು ತೂರಾಡುವುದನ್ನು ಕಂಡು 1740ರಲ್ಲಿ ವರ್ನನ್ ಎಂಬ ನೌಕಾಧಿಪತಿಯು ಅದಕ್ಕೆ ನೀರು ಬೆರೆಸಬೇಕೆಂದು ಆಜ್ಞಾಪಿಸಿದನು. ಈ ಪದ್ಧತಿ ನಿಂತದ್ದು 1970ರ ಜುಲೈ 31ರಂದು. ಒಂದು ಸರಕಾರವು ಇನ್ನೂರು ವರ್ಷಗಳಿಗೂ ಮಿಗಿಲಾಗಿ ತಪ್ಪದ ಗಿರಾಕಿಯಾಗಿದ್ದರೆ ಆ ಸರಕಿನ ಭಾಗ್ಯವನ್ನು ಏನೆಂದು ಹೇಳಲಿ!

ಈ ವೈಭವದ ಕಾಲಕ್ಕೆ ಒಂದು ಗುರುತು ಮೌಂಟ್ ಗೇ. ದ್ವೀಪದ ಉತ್ತರದಲ್ಲಿರುವ ಈ ತೋಟದ 1703ನೆಯ ಇಸವಿಯ ಪತ್ರವೊಂದರಲ್ಲಿ ಗಾಳಿಯ ಗಾಣ, ಕೊಪ್ಪರಿಗೆಗಳೊಂದಿಗೆ ಭಟ್ಟಿಮನೆಯೂ ನಮೂದಾಗಿದೆ. ಅಲ್ಲಿ ಇಂದಿಗೂ ರಮ್ಮು ಇಳಿಯುತ್ತಿದೆ. ಹದಿನೆಂಟನೆಯ ಶತಮಾನದಲ್ಲಿ ಆ ತೋಟದ ಪಾರುಪತ್ಯವನ್ನು ನೋಡಿಕೊಂಡವನು ಶಾಸನಸಭೆಯ ಅಧ್ಯಕ್ಷನಾಗಿದ್ದ ಸರ್ ಜಾನ್ ಗೇ ಆಲೀನ್. ತೋಟಕ್ಕೆ ಅವನ ಹೆಸರೇ ನಿಂತಿತು. ಯಜಮಾನನ ಹೆಸರು ಜಾನ್ ಸೋಬರ್. ಸೋಬರ್ ಎಂದರೆ ಅಮಲಿಲ್ಲದವನು. ತೋಟಕ್ಕೆ ಯಜಮಾನನ ಹೆಸರಿಡದೆ ಪಾರುಪತ್ಯಗಾರನ ಹೆಸರಿಟ್ಟುದರಲ್ಲಿ ವ್ಯಾಪಾರದ ಜಾಣತನವೂ ಇದ್ದಂತೆ ನಮಗೆ ತೋರಿದರೆ ತಪ್ಪಿಲ್ಲ.

ಆದರೆ ಈ ರಮ್ಮಿನೊಳಗೆ ಒಂದು ವಿಷವಿದ್ದಿತು. ಹಿಂದೆ ಭಟ್ಟಿಯ ಮುಚ್ಚಳ, ಕೊಳವೆಗಳನ್ನು ಸೀಸದಿಂದ ಮಾಡುವುದುಂಟು. ಕಬ್ಬಿನ ಹಾಲು ಹರಿಯುವ ದೋಣಿಗಳಿಗೂ ಸೀಸದ ತಗಡು. ಬಿಸಿಯಾದ ಮದ್ಯವು ಸೀಸವನ್ನು ಕರಗಿಸಿ ತನ್ನೊಂದಿಗೆ ಒಯ್ಯುವುದು. ಹೊಟ್ಟೆನೋವು, ಮಲಬದ್ಧತೆ, ಕಡೆಗೆ ಕೈಕಾಲು ಬೀಳುವುದು: ಇಂಥ ಬೇನೆ ವೆಸ್ಟ್ ಇಂಡೀಸಿನಲ್ಲೆಲ್ಲ ಹಬ್ಬಿತ್ತು. ಮ್ಯಾಸಚೂಸೆಟ್ಸಿನ ಶಾಸನಸಭೆ 1723ರಷ್ಟು ಹಿಂದೆಯೇ ಸೀಸದ ಭಟ್ಟಿಯನ್ನು ನಿಷೇಧಿಸಿತು. ಜಮೈಕಾದಲ್ಲಿ ಸೈನ್ಯದ ವೈದ್ಯನಾಗಿದ್ದ ಜಾನ್ ಹಂಟರನು 1788ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಈ ಬೇನೆಗೆ ರಮ್ಮಿನೊಳಗಣ ಸೀಸವೇ ಕಾರಣವೆಂದು ತೋರಿಸಿದನು. ಗುಲಾಮರಿಗೆ ಆ ರಮ್ಮು ಬಲವಂತದ ಉಪಕಾರ: ಮಳೆಯಲ್ಲಿ ನೆನೆದರೆ ಒಂದು ಗುಟುಕು, ಕಠಿನ ಕೆಲಸಕ್ಕೆ ಇನಾಮಾಗಿ ಒಂದು ಗುಟುಕು, ಕಾಯಿಲೆಗೆ ಔಷಧವಾಗಿ ಇನ್ನೊಂದು ಗುಟುಕು. ಆದರೂ ಅವರು ಅದನ್ನು ತಮ್ಮದಾಗಿ ಮಾಡಿಕೊಳ್ಳದೆ ಇರಲಿಲ್ಲ. ಸತ್ತವರನ್ನು ಹೂಳುವಾಗ ಹಿರಿಯರಿಗೆಂದು ನೆಲಕ್ಕೆ ಸ್ವಲ್ಪ ಎರೆಯುವುದು ಅವರ ಸಂಪ್ರದಾಯವಾಗಿತ್ತು.

1807ರಲ್ಲಿ ಗುಲಾಮರ ವ್ಯಾಪಾರವನ್ನು ಬ್ರಿಟಿಷ್ ಪಾರ್ಲಿಮೆಂಟು ನಿಷೇಧಿಸಿತು. 1816ರ ಏಪ್ರಿಲಿನಲ್ಲಿ ಬುಸ್ಸಾ ಎಂಬವನ ಹೆಸರಿನಿಂದ ಪ್ರಸಿದ್ಧವಾದ ದಂಗೆ ಬಾರ್ಬಡೋಸಿನಲ್ಲಿ ಎದ್ದು ಅಡಗಿತು. 1834ರ ಆಗಸ್ಟ್ 1ರಂದು ಗುಲಾಮಗಿರಿ ಕೊನೆಗೊಂಡಾಗ ದ್ವೀಪದಲ್ಲಿ ಬಿಡುಗಡೆಯಾದವರು ಸುಮಾರು 83,000 ಮಂದಿ. ಆದರೂ ನಾಲ್ಕು ವರ್ಷ ‘ಶಿಷ್ಯವೃತ್ತಿ’ಯೆಂಬ ಹೆಸರಿನಲ್ಲಿ ಹಳೆಯ ಯಜಮಾನನಲ್ಲಿಯೇ ದುಡಿಯಬೇಕಾಯಿತು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಎರಡು ಕೋಟಿ ಪೌಂಡು ಪರಿಹಾರ ಹಂಚಲ್ಪಟ್ಟಿತು. ಗುಲಾಮರಿಗಲ್ಲ, ಗುಲಾಮರ ಒಡೆಯರಿಗೆ. ಅದಕ್ಕೆಂದು ಎತ್ತಿದ ಸಾಲದ ಕಡೆಯ ಬಾಕಿ ತೀರಿದ್ದು 2015ರಲ್ಲಿ. ಟ್ರಿನಿಡಾಡ್, ಗಯಾನಾಗಳಲ್ಲಿ ಬಿಡುಗಡೆಯಾದವರು ತೋಟ ಬಿಟ್ಟು ಹೊರಟಾಗ ಅವರ ಜಾಗಕ್ಕೆ ನಮ್ಮ ದೇಶದ ಕೂಲಿಗಳನ್ನು ಕರಾರಿನ ಮೇಲೆ ಸಾಗಿಸಿದರು. ಬಾರ್ಬಡೋಸಿಗೆ ಹಾಗೆ ಸಾಗಿಸಬೇಕಾದ ಅಗತ್ಯವೇ ಬೀಳಲಿಲ್ಲ. ಅಲ್ಲಿ ಬಿಟ್ಟು ಹೋಗುವುದಕ್ಕೆ ಬೇರೆ ನೆಲವೇ ಇರಲಿಲ್ಲ. ಪ್ರತಿಯೊಂದು ಗೇಣೂ ತೋಟಗಾರನದು. ತೋಟದ ಗುಡಿಸಲಿನಲ್ಲಿರಬೇಕಾದರೆ ಆ ತೋಟದಲ್ಲಿಯೇ ದುಡಿಯಬೇಕು. ಹೆಸರು ಬದಲಾಯಿತು, ಹೊಲ ಬದಲಾಗಲಿಲ್ಲ.

ಇದಾದ ಮೇಲೆ ಮೂರನೆಯ ಅವಸ್ಥೆ. ಯೂರೋಪಿನಲ್ಲಿ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವುದು ಬೆಳೆದು, 1880ರ ದಶಕದಲ್ಲಿ ಸಕ್ಕರೆಯ ಬೆಲೆ ಕುಸಿಯಿತು. ಐರ್ಲೆಂಡಿನ ಈನಿಯಸ್ ಕಾಫಿ ಎಂಬ ಮಾಜಿ ಅಬಕಾರಿ ಅಧಿಕಾರಿಯು 1830ರಲ್ಲಿ ಸನ್ನದು ಪಡೆದ ಗೋಪುರದಾಕಾರದ ಭಟ್ಟಿ ಎಡೆಬಿಡದೆ ನಡೆಯುವಂಥದು. ಹಳೆಯ ಮಡಕೆಯಾಕಾರದ ಭಟ್ಟಿಗಳು ಹತ್ತಾರು ಕೂಡಿದರೂ ಅದಕ್ಕೆ ಸಮವಾಗವು. 1893ರಲ್ಲಿ ಸ್ಟೇಡ್ ಎಂಬ ಜರ್ಮನ್ ಸಹೋದರರು ರಾಜಧಾನಿಯಾದ ಬ್ರಿಜ್‌ಟೌನಿನ ಬಳಿ ಕಡಲ ತೀರದಲ್ಲಿ ದೊಡ್ಡ ಭಟ್ಟಿಯನ್ನು ಸ್ಥಾಪಿಸಿದರು. ತೋಟಕ್ಕೊಂದು ಭಟ್ಟಿಮನೆಯಿದ್ದ ಕಾಲ ಹೋಗಿ, ಕೆಲವೇ ದೊಡ್ಡ ಭಟ್ಟಿಗಳ ಕಾಲ ಬಂದಿತು. 1906ರ ಸುಂಕದ ಕಾನೂನಿನ ಮೇರೆಗೆ ಭಟ್ಟಿಯವರು ಸಗಟಾಗಿ ಮಾತ್ರ ಮಾರಬೇಕಾಯಿತು. ಪೀಪಾಯಿಗಟ್ಟಲೆ ಕೊಂಡು, ಬೆರೆಸಿ, ಹದಮಾಡಿ, ಸೀಸೆಗೆ ತುಂಬಿ ಮಾರುವ ಹೊಸ ವರ್ತಕವರ್ಗವೊಂದು ಬ್ರಿಜ್‌ಟೌನಿನ ರೋಬಕ್ ಬೀದಿಯಲ್ಲಿ ಹುಟ್ಟಿತು. ಇಳಿಸುವವನು ಒಬ್ಬ, ಹೆಸರಿಡುವವನು ಇನ್ನೊಬ್ಬ ಎಂಬ ವ್ಯವಸ್ಥೆಯಿದು.

ಈ ಕಾಲದಲ್ಲಿ ರಮ್ಮಿನ ಮುಖ್ಯ ಗಿರಾಕಿ ದ್ವೀಪದವನೇ. ಹಳ್ಳಿಹಳ್ಳಿಗೂ ಮರದ ಪುಟ್ಟ ಮನೆಯಲ್ಲಿ ಒಂದು ರಮ್ಮಿನ ಅಂಗಡಿ: ಮುಂದೆ ಉಪ್ಪು, ಅಕ್ಕಿ, ಸೀಮೆಯೆಣ್ಣೆ, ಪಕ್ಕದಲ್ಲಿ ಸೀಸೆ, ಲೋಟ. ಸಾಲ ಹುಟ್ಟುವುದೂ ಅಲ್ಲಿ, ಸುದ್ದಿ ಹುಟ್ಟುವುದೂ ಅಲ್ಲಿ, ಕ್ರಿಕೆಟ್ಟಿನ ವಿಮರ್ಶೆಯೂ ಅಲ್ಲಿ, ರಾಜಕೀಯವೂ ಅಲ್ಲಿ. ಕೂಲಿ ಅಲ್ಪವಾಗಿತ್ತು; 1937ರ ಜುಲೈಯಲ್ಲಿ ದ್ವೀಪದಲ್ಲಿ ಗಲಭೆಗಳಾಗಿ ಹದಿನಾಲ್ಕು ಮಂದಿ ಮಡಿದರು. ಅಲ್ಲಿಂದ ಮುಂದೆ ಕಾರ್ಮಿಕ ಸಂಘ, ಮತದಾನದ ಹಕ್ಕು, ಕಡೆಗೆ 1966ರ ನವೆಂಬರ್ 30ರಂದು ಸ್ವಾತಂತ್ರ್ಯ. 2021ರ ಅದೇ ದಿನ ಗಣರಾಜ್ಯ.

ಸ್ವತಂತ್ರವಾದ ಮರುವರ್ಷ, ಎಂದರೆ 1967ರಲ್ಲಿ, ದ್ವೀಪದ ಸಕ್ಕರೆಯ ಬೆಳೆ ಎರಡು ಲಕ್ಷ ಟನ್ನನ್ನು ಮುಟ್ಟಿತು. ಅದೇ ಶಿಖರ, ಆಮೇಲೆ ಇಳಿಜಾರು. ಇಂದು ಅದರ ಹತ್ತನೆಯ ಒಂದು ಪಾಲೂ ಆಗುವುದಿಲ್ಲ. ಪ್ರವಾಸಿಗಳ ವಸತಿಗೃಹ, ಬ್ಯಾಂಕುಗಳ ಕಚೇರಿ ಇವು ಕಬ್ಬಿನ ಸ್ಥಾನಕ್ಕೆ ಬಂದಿವೆ. 1961ರಲ್ಲಿ ದ್ವೀಪದಲ್ಲಿಯೇ ಬೀರಿನ ಕಾರ್ಖಾನೆಯೊಂದು ಹುಟ್ಟಿ, ತರುಣರ ನಾಲಗೆ ಅತ್ತ ಒಲಿಯಿತು. ಹೀಗಿದ್ದೂ ರಮ್ಮು ಉಳಿಯಿತು. ಕಾಕಂಬಿಯಲ್ಲಿ ಹೆಚ್ಚಿನ ಪಾಲು ಈಗ ಹೊರನಾಡಿನಿಂದ ಹಡಗಿನಲ್ಲಿ ಬರುತ್ತದೆ. ಒಂದು ಕಾಲಕ್ಕೆ ಕಾಕಂಬಿಯನ್ನು ಲೋಕಕ್ಕೆಲ್ಲ ಕಳಿಸಿದ ದ್ವೀಪ ಇಂದು ಅದನ್ನು ಕೊಂಡು ತರುತ್ತಿದೆ! ರಫ್ತಿನ ಬೆಲೆಯಲ್ಲಿ ರಮ್ಮು ತನ್ನ ತಾಯಿಯಾದ ಸಕ್ಕರೆಯನ್ನು ಬಹಳ ಹಿಂದೆ ಬಿಟ್ಟಿದೆ. ಮಗುವನ್ನು ಹೆತ್ತ ತಾಯಿ ಹೋಗಿ, ದತ್ತುತಾಯಿಯ ಹಾಲಿನಲ್ಲಿ ಬೆಳೆಯುತ್ತಿರುವ ಮಗುವಿನಂತೆ ಇದರ ಸ್ಥಿತಿ. ಇದನ್ನು ನಾಲ್ಕನೆಯ ಅವಸ್ಥೆಯೆನ್ನಬಹುದು.

ಈ ಅವಸ್ಥೆಯಲ್ಲಿ ಮಾರುವ ವಸ್ತು ಮದ್ಯಕ್ಕಿಂತ ಹೆಚ್ಚಾಗಿ ಕಾಲ. ರಮ್ಮನ್ನು ಓಕ್ ಮರದ ಪೀಪಾಯಿಗಳಲ್ಲಿ ತುಂಬಿ ಹತ್ತು ಹನ್ನೆರಡು ವರ್ಷ ಇಡುವರು. ಸೆಕೆಯ ನಾಡಾದ್ದರಿಂದ ಪ್ರತಿವರ್ಷವೂ ಅದರಲ್ಲಿ ಒಂದು ಭಾಗ ಆವಿಯಾಗಿ ಹೋಗುವುದು. ಸ್ಕಾಟ್ಲೆಂಡಿನ ಚಳಿಯಲ್ಲಿ ಹೋಗುವುದಕ್ಕಿಂತ ಇದು ಎಷ್ಟೋ ಹೆಚ್ಚು. ಇದಕ್ಕೆ ಅವರು ದೇವತೆಗಳ ಪಾಲೆನ್ನುವರು. ಇಂದು ದ್ವೀಪದಲ್ಲಿರುವ ಭಟ್ಟಿಗಳು ನಾಲ್ಕು: ಹಳೆಯ ಮೌಂಟ್ ಗೇ, 1893ರ ಕಡಲತೀರದ ಭಟ್ಟಿ, ಹಳೆಯ ಸಕ್ಕರೆ ಕಾರ್ಖಾನೆಯೊಂದರ ಆವರಣದಲ್ಲಿ 1996ರಲ್ಲಿ ಹೊಸದಾಗಿ ತೊಡಗಿದ ಫೋರ್‌ಸ್ಕ್ವೇರ್, ಹದಿನೇಳನೆಯ ಶತಮಾನದ ಬಂಗಲೆಯೊಂದರ ಪಕ್ಕದಲ್ಲಿರುವ ಚಿಕ್ಕದಾದ ಸೇಂಟ್ ನಿಕೊಲಸ್ ಆಬಿ. ಸೀಸೆಗಳ ಮೇಲೆ ಈಗ ವರ್ಷಗಳ ಸಂಖ್ಯೆಯಿದೆ, ತೋಟದ ಹೆಸರಿದೆ, ಇತಿಹಾಸದ ಎರಡು ಸಾಲುಗಳೂ ಇವೆ. ಇತಿಹಾಸವೂ ಬೆಲೆ ಬಾಳುವ ಸರಕಾಗಿದೆ.

ಆ ಎರಡು ಸಾಲುಗಳಲ್ಲಿ ಹಿಡಿಯದ ಇತಿಹಾಸವೊಂದು ನ್ಯೂಟನ್ ಎಂಬ ತೋಟದ ನೆಲದಡಿಯಲ್ಲಿದೆ. ಅದು ಗುಲಾಮರ ಸ್ಮಶಾನ. ಸುಮಾರು 570 ಮಂದಿಯನ್ನು ಅಲ್ಲಿ ಹೂಳಲಾಗಿದೆಯೆಂದು ಅಂದಾಜು. ಮೇಲೆ ಒಂದು ಕಲ್ಲಿಲ್ಲ, ಹೆಸರಿಲ್ಲ. 1970ರ ದಶಕದ ಆದಿಯಲ್ಲಿ ಜೆರೋಮ್ ಹ್ಯಾಂಡ್ಲರ್, ಫ್ರೆಡರಿಕ್ ಲ್ಯಾಂಗ್ ಎಂಬ ಅಮೆರಿಕದ ವಿದ್ವಾಂಸರು ಅಲ್ಲಿ ಉತ್ಖನನ ನಡೆಸಿದರು. ಮುಂದೆ ಆ ಎಲುಬುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಸೀಸವು ಬಹಳವಾಗಿ ಕಂಡುಬಂದಿತು. ಅದರ ಮುಖ್ಯ ಮೂಲ ಸೀಸದ ಭಟ್ಟಿಯಲ್ಲಿಳಿದ ರಮ್ಮೇ ಇರಬೇಕೆಂದು 1986ರಲ್ಲಿ ಪ್ರಕಟವಾಯಿತು. ಯಾರ ಬಗ್ಗೆ ದಫ್ತರಗಳು ಮೌನವಾಗಿದ್ದುವೋ ಅವರ ಎಲುಬುಗಳು ಲೆಕ್ಕ ಒಪ್ಪಿಸಿದುವು.

ಆ ಸ್ಮಶಾನದಲ್ಲಿ ವೃದ್ಧನೊಬ್ಬನ ಸಮಾಧಿ ಸಿಕ್ಕಿತು. ತನ್ನವರಲ್ಲಿ ಮದ್ದು ಮಂತ್ರ ಬಲ್ಲವನೆಂದು ಗೌರವ ಪಡೆದವನಿರಬೇಕು. ಅವನ ಕೊರಳಿನಲ್ಲಿ ಒಂದು ಸರವಿತ್ತು: ಕವಡೆ, ಮೀನಿನ ಬೆನ್ನೆಲುಬು, ನಾಯಿಯ ಕೋರೆಹಲ್ಲು, ಗಾಜಿನ ಮಣಿ, ನಡುವೆ ಕೆಂಪು ಬಣ್ಣದ ದೊಡ್ಡದೊಂದು ಕಲ್ಲಿನ ಮಣಿ. ಆ ಮಣಿಯು ನಮ್ಮ ದೇಶದ ಗುಜರಾತಿನ ಖಂಭಾತಿನಲ್ಲಿ ಕೊರೆದದ್ದಾಗಿರಬೇಕೆಂದು ವಿದ್ವಾಂಸರ ಊಹೆ. ಖಂಭಾತಿನಿಂದ ಆಫ್ರಿಕಕ್ಕೆ, ಆಫ್ರಿಕದಿಂದ ಬಾರ್ಬಡೋಸಿಗೆ ಅದು ಬಂದ ದಾರಿಯನ್ನು ನಾವು ಊಹಿಸಿಕೊಳ್ಳಬೇಕು. ಕಬ್ಬೂ ನಮ್ಮ ಕಡೆಯಿಂದ ಪಶ್ಚಿಮಕ್ಕೇ ಹೋಯಿತು. ಅದು ಹೋದಲ್ಲೆಲ್ಲ ಅದರ ಬೆಲೆಯನ್ನು ಬರೆದಿಟ್ಟವರಿದ್ದರು. ಈ ಮಣಿಯ ಬೆಲೆಯನ್ನಾಗಲಿ ಅದನ್ನು ಧರಿಸಿದವನ ಹೆಸರನ್ನಾಗಲಿ ಯಾರೂ ಬರೆಯಲಿಲ್ಲ. 2021ರಲ್ಲಿ, ದ್ವೀಪವು ಗಣರಾಜ್ಯವಾದ ಸಮಯದಲ್ಲಿ, ಈ ಸ್ಥಳದಲ್ಲಿ ಒಂದು ಸ್ಮಾರಕವನ್ನು ಕಟ್ಟುವುದಾಗಿ ಅಲ್ಲಿನ ಸರಕಾರ ಸಾರಿತು.

ಇಳಿಸಿದವನಿಗೆ ಹೆಸರಿಲ್ಲ, ಮಾರಿದವನ ಹೆಸರು ಸೀಸೆಯ ಮೇಲಿದೆ, ಕುಡಿದವನು ಮರೆತುಹೋಗಿದ್ದಾನೆ. ಬೆಲೆ ತೆತ್ತವನ ಎಲುಬಿನಲ್ಲಿ ಲೆಕ್ಕ ಉಳಿದಿದೆ. ನಾವು ಹಿಡಿದು ಹೊರಟ ನಾಲ್ಕು ಪ್ರಶ್ನೆಗಳಿಗೆ ಬಾರ್ಬಡೋಸಿನ ಚರಿತ್ರೆ ಕೊಡುವ ಉತ್ತರ ಇಷ್ಟು. ಇನ್ನೊಮ್ಮೆ ಸುಗ್ಗಿಯಲ್ಲಿ ಆಲೆಮನೆಯ ಕಡೆ ಹೋದಾಗ, ಕೊಪ್ಪರಿಗೆಯಿಂದ ಮೇಲೇಳುವ ನೊರೆಯನ್ನು ಕಂಡಾಗ, ಆ ದೂರದ ದ್ವೀಪದ ಇರುಳನ್ನೂ ಮೇಣದ ಬತ್ತಿಯನ್ನು ಹತ್ತಿರ ಹಿಡಿದ ಆ ಮನುಷ್ಯನನ್ನೂ ಒಂದು ಕ್ಷಣ ನೆನೆದರೆ ಈ ಹೊತ್ತಿನ ನನ್ನ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇನೆ.